ಸೂಪರ್ 180 ಬೇಡ, 120 ಸಾಕು

ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ತಮ್ಮನ ಮದುವೆ, ಆಮೇಲೆ ಆಫೀಸಿಗೂ ಅದೇ ಸೂಟ್, ಸೂಪರ್ 180 ಉಣ್ಣೆ ಬಟ್ಟೆ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ ಸರ್.

ಆ ಅಂಕಿ ಹೇಳುವುದು ಉಣ್ಣೆಯ ಎಳೆ ಎಷ್ಟು ಸಣ್ಣ ಅನ್ನುವುದನ್ನು ಮಾತ್ರ. ಸೂಪರ್ 120 ಅಂದರೆ ಎಳೆಯ ಸರಾಸರಿ ದಪ್ಪ 17.75 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಮೀರುವಂತಿಲ್ಲ, 180ಕ್ಕೆ 14.75. ಎಳೆ ಸಣ್ಣದಾದಷ್ಟೂ ಬಟ್ಟೆ ಮೆತ್ತಗೆ, ಆದರೆ ಸುಕ್ಕು ಜಾಸ್ತಿ, ಬಾಳಿಕೆ ಕಡಿಮೆ. ನಾನು 150ರಲ್ಲಿ ಹೊಲಿಸಿದ್ದ ಪ್ಯಾಂಟ್ ಎರಡೇ ವರ್ಷಕ್ಕೆ ತೊಡೆ ಸಂದಿಯಲ್ಲಿ ಸವೆದುಹೋಯಿತು. ಕೋಟು ಇನ್ನೂ ಹೊಸದರಂತೆ ಇದೆ, ನೋಡಿದಾಗೆಲ್ಲ ಸಂಕಟವಾಗುತ್ತದೆ.

ನಿಮಗೆ 110 ಅಥವಾ 120, ಮೀಟರಿಗೆ 260ರಿಂದ 280 ಗ್ರಾಂ ತೂಗುವಂಥದ್ದು ಸರಿ. ತೀರಾ ಹಗುರವಾದರೆ ಪ್ಯಾಂಟು ನೆಟ್ಟಗೆ ಇಳಿಬೀಳುವುದಿಲ್ಲ.

ಅಂಗಡಿಯಲ್ಲಿ ಒಂದು ಕೆಲಸ ಮಾಡಿ. ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ, ಹತ್ತು ಎಣಿಸಿ ಬಿಡಿ. ಒಳ್ಳೆ ಉಣ್ಣೆ ಕೈಯಲ್ಲೇ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಗೆರೆ ಹಾಗೇ ಉಳಿದರೆ ಆ ಥಾನು ಬಿಟ್ಟುಬಿಡಿ, ಅಂಚಿನಲ್ಲಿ ಇಟಲಿ ಅಂತ ಬರೆದಿದ್ದರೂ ಸರಿಯೇ.

ಉಳಿದ ದುಡ್ಡಲ್ಲಿ ಅದೇ ಥಾನಿನಿಂದ ಇನ್ನೊಂದು ಪ್ಯಾಂಟಿಗೆ ಒಂದೂಕಾಲು ಮೀಟರ್ ಈಗಲೇ ಕತ್ತರಿಸಿಕೊಳ್ಳಿ. ಆಮೇಲೆ ಹೋದರೆ ಅದೇ ಬಣ್ಣ ಸಿಗುವುದು ಕಷ್ಟ.