ತಂದೆ ತೀರಿಕೊಂಡ ಮೇಲೆ ಅವರ ಲೈಸೆನ್ಸ್ ಬಂದೂಕನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದಾ?

ನೀವು ಬರೆದದ್ದು ಇಷ್ಟು: ಊರು ಚಿಂಚೋಳಿ ಹತ್ತಿರ. ತಂದೆಯವರು ಹೋದ ತಿಂಗಳು ತೀರಿಕೊಂಡರು. ಹಂದಿ ಕಾಟಕ್ಕೆ ಬೆಳೆ ಕಾಯಲು ಅವರು ತಗೊಂಡಿದ್ದ ಒಂಟಿ ನಳಿಗೆ ಬಂದೂಕು ಅಲ್ಮಾರಿಯಲ್ಲಿದೆ. ಲೈಸೆನ್ಸ್ ಅವಧಿ ಇನ್ನೂ ಎರಡು ವರ್ಷ ಇದೆ. ಕಾಕಾ ಅವರು "ಇರ್ಲಿ ಬಿಡು, ಲಗ್ನದಾಗ ಹಾರಿಸ್ಲಿಕ್ಕೆ ಬರ್ತದ" ಅಂತಾರೆ.

ಇಟ್ಟುಕೊಳ್ಳಬೇಡಿ. ಈ ವಾರವೇ ಠಾಣೆಗೆ ಒಪ್ಪಿಸಿ. ಕಲಬುರಗಿಯಲ್ಲಿ ವಕೀಲಿಕೆ ಮಾಡುತ್ತಾ ಇಂಥ ಕಾಗದಪತ್ರ ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೀನಿ. ಲೈಸೆನ್ಸ್ ಕೊಟ್ಟದ್ದು ನಿಮ್ಮ ತಂದೆಗೆ. ಅವರು ಹೋದ ಮೇಲೆ ಪುಸ್ತಕದಲ್ಲಿ ಯಾವ ತಾರೀಖು ಇದ್ದರೂ ಅದು ನಿಮ್ಮನ್ನು ಕಾಯಲ್ಲ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2ರಿಂದ 5 ವರ್ಷ ಜೈಲು, ಮೇಲೆ ದಂಡ.

ಕಾಕಾ ಅವರಿಗೆ ಇನ್ನೊಂದು ಮಾತು ತಿಳಿಸಿ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ, ಲಗ್ನ-ಮೆರವಣಿಗೆಯಲ್ಲಿ ಜನರ ಜೀವಕ್ಕೆ ಅಪಾಯವಾಗೋ ಹಾಗೆ ಗುಂಡು ಹಾರಿಸುವುದೇ ಅಪರಾಧ. 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಲೈಸೆನ್ಸ್ ಇದ್ದವರಿಗೂ ಅಷ್ಟೇ. ಮಕ್ಕಳು-ಮರಿ ತುಂಬಿರೋ ಹಂದರದಲ್ಲಿ ಬಂದೂಕಿಗೆ ಏನು ಕೆಲಸ ಹೇಳಿ?

ಒಪ್ಪಿಸುವುದು ಕಷ್ಟವಲ್ಲ. ಚುನಾವಣೆ ಬಂದಾಗ ನಿಮ್ಮ ತಂದೆ ಬಂದೂಕನ್ನು ಠಾಣೆಯಲ್ಲಿ ಇಟ್ಟು ರಸೀದಿ ತಂದದ್ದು ನಿಮಗೆ ನೆನಪಿರಬಹುದು. ಹೆಚ್ಚು ಕಡಿಮೆ ಅದೇ ಕೆಲಸ. ಆದರೆ ನೀವಾಗಿ ಬೈಕ್ ಮೇಲೆ ಇಟ್ಟುಕೊಂಡು ಹೊರಡಬೇಡಿ. ಮೊದಲು ಪಿಎಸ್ಐಗೆ ಫೋನ್ ಮಾಡಿ, ಅವರು ಹೇಳಿದಂತೆ ನಡೆಯಿರಿ. ಗುಂಡು ತುಂಬಿದೆಯೋ ಇಲ್ಲವೋ ಅಂತ ನೀವೇ ಬಿಚ್ಚಿ ನೋಡಲೂ ಹೋಗಬೇಡಿ. ಮರಣ ಪ್ರಮಾಣಪತ್ರ, ಲೈಸೆನ್ಸ್ ಪುಸ್ತಕ, ಒಂದು ಅರ್ಜಿ ಜೊತೆಗಿರಲಿ. ರಸೀದಿ ಕೈಗೆ ಬಂದಾಗ ಅಲ್ಲೇ ನಿಂತು ಓದಿ. ಲೋಹದ ಮೇಲೆ ಕೊರೆದ ನಂಬರು, ಪುಸ್ತಕದ ನಂಬರು, ರಸೀದಿಯ ನಂಬರು, ಮೂರೂ ಒಂದೇ ಇರಬೇಕು. ಹಳೇ ಬಂದೂಕಿನಲ್ಲಿ ನಂಬರು ಸವೆದು 6 ಯಾವುದು, 8 ಯಾವುದು ಗೊತ್ತಾಗಲ್ಲ. ಉಳಿದ ತೋಟಾಗಳ ಲೆಕ್ಕವನ್ನೂ ಬರೆಸಿ.

ಕೊಟ್ಟರೆ ಹೋಯಿತು ಅಂತ ಹೆದರಬೇಡಿ. ಮಾಲೀಕತ್ವ ವಾರಸುದಾರರದ್ದೇ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡಲು ಅವಕಾಶವಿದೆ. 21 ವರ್ಷ ತುಂಬಿರಬೇಕು. ಅರ್ಜಿ ಆನ್‌ಲೈನ್. ತರಬೇತಿ ಪ್ರಮಾಣಪತ್ರ, ವೈದ್ಯರ ಪ್ರಮಾಣಪತ್ರ, ಪೊಲೀಸ್ ವರದಿ ಎಲ್ಲ ಬೇಕು. ಒಡಹುಟ್ಟಿದವರ ಒಪ್ಪಿಗೆ ಪತ್ರವನ್ನು ಮೊದಲೇ ಬರೆಸಿಕೊಳ್ಳಿ, ತಂಟೆ ಶುರುವಾಗೋದು ಅಲ್ಲೇ. ನಿಮ್ಮ ತಾಲೂಕಿಗೆ ಲೈಸೆನ್ಸ್ ಕೊಡೋರು ಡಿಸಿ, ಕಲಬುರಗಿ ನಗರದೊಳಗೆ ಪೊಲೀಸ್ ಕಮಿಷನರ್.

2025ರ ಜನವರಿ 16ರಂದು ಬೀದರ್‌ನಲ್ಲಿ ಹಾಡಹಗಲೇ ಎಟಿಎಂಗೆ ಹಣ ತುಂಬಲು ಬಂದವರ ಮೇಲೆ ಗುಂಡು ಹಾರಿತು, ಜೀವ ಹೋಯಿತು. ಆವತ್ತಿನಿಂದ ನಮ್ಮ ಕಡೆ ಬಂದೂಕಿನ ಮಾತು ಬಂದರೆ ಎಲ್ಲರೂ ಕಳ್ಳ ಪಿಸ್ತೂಲಿನ ಬಗ್ಗೆಯೇ ಮಾತಾಡ್ತಾರೆ. ಅದನ್ನು ಹಿಡಿಯಬೇಕು, ನಿಜ. ಆದರೆ ಯಜಮಾನ ಸತ್ತು ಅಲ್ಮಾರಿಯಲ್ಲಿ ಉಳಿದ ಬಂದೂಕು ಸುಮ್ನೆ ಅಲ್ಲೇ ಇರುತ್ತೆ ಅನ್ನೋ ಭರವಸೆ ಯಾರಿಗಿದೆ? ಕಳುವಾದರೂ ದೂರು ಕೊಡೋರಿಲ್ಲ. ಮನೆಯಲ್ಲಿ ಜಗಳ ಹತ್ತಿದರೆ ಕೈಗೆ ಸಿಗುತ್ತೆ. ಈಗ ಲೈಸೆನ್ಸ್ ಅವಧಿ 5 ವರ್ಷ. ಮನೆಯವರು ಹೇಳದಿದ್ದರೆ, ನವೀಕರಣದ ದಿನ ಬರೋವರೆಗೂ ಮಾಲೀಕ ಇಲ್ಲ ಅನ್ನೋದು ಕಡತಕ್ಕೆ ಗೊತ್ತಾಗದೇ ಇರಬಹುದು. ಪ್ರತಿ ಲೈಸೆನ್ಸಿಗೂ ಬಂದೂಕು ಲೈಸೆನ್ಸುಗಳ ರಾಷ್ಟ್ರೀಯ ದತ್ತಾಂಶದಲ್ಲಿ ಒಂದು ವಿಶಿಷ್ಟ ಸಂಖ್ಯೆ ಇದೆ. ಇತ್ತ ಸಾವುಗಳೆಲ್ಲ ಇ-ಜನ್ಮದಲ್ಲಿ, ಅಂದರೆ ರಾಜ್ಯದ ಜನನ-ಮರಣ ನೋಂದಣಿಯ ಆನ್‌ಲೈನ್ ವ್ಯವಸ್ಥೆಯಲ್ಲಿ, ದಾಖಲಾಗುತ್ತವೆ. ಇವೆರಡನ್ನೂ ಜೋಡಿಸಿ, ಲೈಸೆನ್ಸುದಾರರು ತೀರಿಕೊಂಡ ಕೂಡಲೇ ಠಾಣೆಗೆ ಸಂದೇಶ ಹೋಗುವಂತೆ ಮಾಡಲೇಬೇಕು. ಲೈಸೆನ್ಸ್ ಸುಧಾರಣೆ ಅಂದಾಗ ನನಗೆ ಮೊದಲು ಬೇಕಾದ್ದು ಇದೇ.

ಲೈಸೆನ್ಸ್ ಬೇಡ ಅನ್ನಿಸಿದರೆ ಅನುಮತಿ ಪಡೆದು ಲೈಸೆನ್ಸ್ ಇರುವ ಅಂಗಡಿಗೆ ಮಾರಬಹುದು. ಯಾವುದಾದರೂ ಒಂದು ನಿರ್ಧಾರ ಬೇಗ ಮಾಡಿ. ಠಾಣೆಯಲ್ಲಿ ಇಟ್ಟು ಮರೆತರೆ, ನಿಯಮದಲ್ಲಿ ಹೇಳಿದ ಅವಧಿ ಮುಗಿದ ಮೇಲೆ ಬಂದೂಕು ಸರ್ಕಾರಕ್ಕೆ ಜಪ್ತಿಯಾಗಬಹುದು.