ಹೊಟ್ಟೆನುಲಿತಕ್ಕೆ ಕಾಲಿಗೆ ಸೂಜಿ?
(ಓದುಗರ ಪ್ರಶ್ನೆ, ವೈದ್ಯರ ಉತ್ತರ)

ಪ್ರಶ್ನೆ: ಮೂರು ವರ್ಷದಿಂದ ಐಬಿಎಸ್ (ಕರುಳು ಕೆರಳುವ ಕಾಯಿಲೆ) ಇದೆ. ಬೆಳಿಗ್ಗೆ ಹೊಟ್ಟೆ ನುಲಿದು ಮೂರು ನಾಲ್ಕು ಸಲ ಹೋಗಬೇಕಾಗುತ್ತದೆ. ಹಂಪನಕಟ್ಟೆಯ ಬಸ್ಸು ಹತ್ತುವಾಗಲೂ ಜೀವದಲ್ಲಿ ಜೀವ ಇರುವುದಿಲ್ಲ. ಕೊಲೊನೋಸ್ಕೋಪಿಯಲ್ಲಿ (ದೊಡ್ಡ ಕರುಳಿಗೆ ಕೊಳವೆ ಇಳಿಸಿ ನೋಡುವ ಪರೀಕ್ಷೆ) ಏನೂ ಸಿಗಲಿಲ್ಲ. ಈಗ ಅಕ್ಯುಪಂಕ್ಚರ್ ಮಾಡಿಸಿ, ಹತ್ತು ಸಲಕ್ಕೆ ಪೂರ್ತಿ ಗುಣ ಎನ್ನುತ್ತಾರೆ. ಹೋಗಬಹುದೇ?
– ಓದುಗರು, ಸುರತ್ಕಲ್

ಉತ್ತರ: ಹೋಗಬಹುದು. ಆದರೆ ‘ಪೂರ್ತಿ ಗುಣ’ ಎಂದು ಮಾತು ಕೊಡುವವರ ಹತ್ತಿರ ಬೇಡ. ಐಬಿಎಸ್ ಏರಿಳಿಯುತ್ತಾ ಇರುವ ಕಾಯಿಲೆ. ಅದನ್ನು ಹತೋಟಿಗೆ ತರುವ ದಾರಿಗಳಿವೆ, ಬುಡಸಮೇತ ಕೀಳುವ ಮದ್ದು ಯಾವ ಪದ್ಧತಿಯಲ್ಲೂ ಇಲ್ಲ.

ಚುಚ್ಚುವುದು ಹೊಟ್ಟೆಗೆ ಮಾತ್ರವಲ್ಲ. ಹೆಚ್ಚು ಬಳಕೆಯಲ್ಲಿರುವ ಜಾಗ ಎಸ್‌ಟಿ-36: ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳು ಇಳಿದು, ಕಾಲಿನ ಮುಂಭಾಗದ ಎಲುಬಿನ ಅಂಚಿನಿಂದ ಒಂದು ಬೆರಳು ಹೊರಕ್ಕೆ. ಜತೆಗೆ ಹೊಕ್ಕುಳಿನ ಎರಡೂ ಪಕ್ಕದಲ್ಲಿ ಮೂರು ಬೆರಳಗಲ ದೂರಕ್ಕೆ ಒಂದೊಂದು, ಪಾದದ ಮೇಲೆ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಒಂದು. ಸೂಜಿಯ ದಪ್ಪ ಸುಮಾರು 0.25 ಮಿಲಿಮೀಟರ್, ರಕ್ತ ತೆಗೆಯುವ ಸೂಜಿ ಇದರ ಮೂರು ಪಟ್ಟು ದಪ್ಪ. ಸಣ್ಣ ಕೊಳವೆಯೊಳಗಿಟ್ಟು ಬೆರಳಲ್ಲಿ ತಟ್ಟಿ ಇಳಿಸುತ್ತಾರೆ, ಮೆಲ್ಲಗೆ ತಿರುಗಿಸುತ್ತಾರೆ. ಅಲ್ಲಿ ಜೋಮು, ಭಾರ ಅನ್ನಿಸಿದರೆ ಸರಿ. ಕರೆಂಟ್ ಹೊಡೆದಂತೆ ಚುಳ್ ಎಂದರೆ ನರಕ್ಕೆ ತಾಗಿದೆ ಎಂದರ್ಥ, ಕೂಡಲೇ ಹೇಳಿ ಸೂಜಿ ಹಿಂದೆ ತೆಗೆಸಿ. 20ರಿಂದ 30 ನಿಮಿಷ ಮಲಗಬೇಕು.

ಇನ್ನು ಗುಣದ ಮಾತು. ಚಿಕಿತ್ಸೆಗಳ ಪುರಾವೆ ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ ಒಟ್ಟು 1,806 ರೋಗಿಗಳಿದ್ದ 17 ಪ್ರಯೋಗಗಳನ್ನು ಜಾಲಾಡಿತು. ನಿಜವಾದ ಸೂಜಿಯನ್ನು ಸೋಗಿನ ಸೂಜಿಯ ಎದುರು (ಚುಚ್ಚದೆ ಹಿಡಿಯೊಳಗೇ ಜಾರಿಕೊಳ್ಳುವಂಥದ್ದು ಅಥವಾ ಸಂಬಂಧವಿಲ್ಲದ ಜಾಗಕ್ಕೆ ಹಾಕಿದ್ದು) ಇಟ್ಟು ನೋಡಿದಾಗ ಹೊಟ್ಟೆಯ ತೊಂದರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಅದೇ ವರ್ಷ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗವೊಂದರಲ್ಲಿ, 233 ರೋಗಿಗಳ ಪೈಕಿ ಮಾಮೂಲಿ ಚಿಕಿತ್ಸೆಯ ಜತೆ ವಾರಕ್ಕೊಂದರಂತೆ ಹತ್ತು ಸಲ ಸೂಜಿ ಹಾಕಿಸಿಕೊಂಡವರು ಮೂರು ತಿಂಗಳಲ್ಲಿ ಉಳಿದವರಿಗಿಂತ ಹಗುರಾಗಿದ್ದರು. ಅಲ್ಲಿ ಸೋಗಿನ ಸೂಜಿಯ ಗುಂಪು ಇರಲಿಲ್ಲ. ಎರಡನ್ನೂ ಸೇರಿಸಿ ಓದಿದರೆ, ಉಪಶಮನ ಸಿಗುವುದು ಸುಳ್ಳಲ್ಲ, ಅದು ಸೂಜಿಯ ಮೊನೆಯಿಂದಲೇ ಬಂತು ಎನ್ನುವುದು ಅನುಮಾನ.

2008ರಲ್ಲಿ ಅಮೆರಿಕದಲ್ಲಿ 262 ಐಬಿಎಸ್ ರೋಗಿಗಳ ಮೇಲೆ ನಡೆದ ಅಧ್ಯಯನ ಇದಕ್ಕೆ ಕನ್ನಡಿ ಹಿಡಿಯಿತು. ಮೂರು ವಾರದ ಬಳಿಕ, ಬರೀ ಕಾಯುವ ಪಟ್ಟಿಯಲ್ಲಿದ್ದವರಲ್ಲಿ ಶೇ. 28, ಸೋಗಿನ ಸೂಜಿ ಹಾಕಿಸಿಕೊಂಡವರಲ್ಲಿ ಶೇ. 44, ಅದೇ ಸೋಗಿನ ಸೂಜಿಯ ಜತೆ ವೈದ್ಯರು ಕೂತು ಸಾವಕಾಶವಾಗಿ ಮಾತಾಡಿಸಿದವರಲ್ಲಿ ಶೇ. 62 ಮಂದಿ ‘ಸಾಕಷ್ಟು ಉಪಶಮನ’ ಎಂದರು. ಕರುಳಿಗೂ ಮಿದುಳಿಗೂ ನರಗಳ ನಂಟು ಗಟ್ಟಿ. ಐಬಿಎಸ್‌ನಲ್ಲಿ ಕರುಳಿನ ಸಣ್ಣ ಉಬ್ಬರವೂ ನೋವಾಗಿ ತಟ್ಟುತ್ತದೆ, ಮನಸ್ಸು ಸಡಿಲವಾದರೆ ನೋವೂ ತಗ್ಗುತ್ತದೆ. ಎರಡು ನಿಮಿಷದಲ್ಲಿ ಚೀಟಿ ಬರೆದು ಕಳಿಸುವ ನಮ್ಮ ಒಪಿಡಿಗಳು ಇಲ್ಲಿಂದ ಕಲಿಯಬೇಕಾದ್ದಿದೆ. ಬ್ರಿಟನ್ನಿನಲ್ಲಿ ವೈದ್ಯರಿಗೆ ಚಿಕಿತ್ಸೆಯ ಸಲಹೆ ಕೊಡುವ ನೈಸ್ ಸಂಸ್ಥೆಯ ಮಾರ್ಗಸೂಚಿಯಂತೂ ಐಬಿಎಸ್‌ಗೆ ಅಕ್ಯುಪಂಕ್ಚರನ್ನು ಪ್ರೋತ್ಸಾಹಿಸಬೇಡಿ ಎಂದೇ ಹೇಳುತ್ತದೆ.

ಹೋಗುವುದೇ ಆದರೆ ಹತ್ತರ ದುಡ್ಡು ಮುಂಗಡ ಕಟ್ಟಬೇಡಿ. ಮೊದಲ ಸೂಜಿಗೆ ಎರಡು ವಾರ ಮುಂಚೆಯೇ ಒಂದು ನೋಟ್‌ಬುಕ್ಕಿನಲ್ಲಿ ದಿನಾ ಮೂರು ಸಂಗತಿ ಬರೆದಿಡಿ: ಎಷ್ಟು ಸಲ ಹೋದಿರಿ, ಮಲ ಗಟ್ಟಿಯೋ ನೀರೋ, ನೋವಿಗೆ ಹತ್ತರಲ್ಲಿ ಎಷ್ಟು ಅಂಕ. ಆರು ಸಲ ಮುಗಿದ ಮೇಲೆ ಹಳೆಯ ಪುಟದ ಜತೆ ಹೋಲಿಸಿ. ಅಂಕ ಇಳಿಯದಿದ್ದರೆ ಅಲ್ಲಿಗೇ ನಿಲ್ಲಿಸಿ. ಬೆಳಗಿನ ಬಸ್ಸಿನ ಭಯಕ್ಕೆ ಹೊರಡುವ ಮುಕ್ಕಾಲು ಗಂಟೆ ಮೊದಲು 2 ಮಿಲಿಗ್ರಾಂ ಲೋಪೆರಮೈಡ್ ಸಹಾಯವಾದೀತೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಅದು ಭೇದಿ ತಡೆಯುತ್ತದೆ, ನೋವಿಗೆ ಅಷ್ಟಕ್ಕಷ್ಟೆ. ನೋವೇ ಜಾಸ್ತಿಯಾದರೆ ಮಲಗುವಾಗ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಇದೆ. ‘ಮಾನಸಿಕ ಮಾತ್ರೆ’ ಎಂದು ಹೆದರಿ ಬಿಡುವವರೇ ಹೆಚ್ಚು. ಈ ಸಣ್ಣ ಪ್ರಮಾಣದಲ್ಲಿ ಕೊಡುವುದು ಕರುಳಿನ ನರಗಳನ್ನು ತಣಿಸಲು.

ಪ್ರಶ್ನೆ: ಸೂಜಿ ಹಾಕುವವರು ಕುಚ್ಚಲಕ್ಕಿ ಗಂಜಿ ಬಿಟ್ಟು ಎರಡು ಹೊತ್ತೂ ಚಪಾತಿ ತಿನ್ನಿ ಎಂದರು. ಹೊಟ್ಟೆ ಇನ್ನೂ ಉಬ್ಬುತ್ತಿದೆಯಲ್ಲ?
– ಗೃಹಿಣಿ, ಉಡುಪಿ

ಉತ್ತರ: ಉಬ್ಬದೆ ಇನ್ನೇನು! ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಶರ್ಕರ ಸಣ್ಣ ಕರುಳಲ್ಲಿ ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ಅಕ್ಕಿಯಲ್ಲಿ ಆ ಕಾಟವಿಲ್ಲ. ಗಂಜಿಗೆ, ನೀರ್ದೋಸೆಗೆ ಮರಳಿ. ಈರುಳ್ಳಿ, ಬೆಳ್ಳುಳ್ಳಿ, ಕಡಲೆ, ಅಲಸಂಡೆ, ಮಾವಿನಹಣ್ಣು, ಹಾಲು – ಇವನ್ನು ನಾಲ್ಕರಿಂದ ಆರು ವಾರ ಬಿಟ್ಟು ನೋಡಿ. ಬೆಳ್ಳುಳ್ಳಿಯ ಪರಿಮಳ ಬೇಕೆಂದರೆ ಎಸಳನ್ನು ತೆಂಗಿನೆಣ್ಣೆಯಲ್ಲಿ ಕೆಂಪಗೆ ಹುರಿದು ಎಸಳು ಎಸೆದುಬಿಡಿ, ಆ ಎಣ್ಣೆಯಲ್ಲೇ ಒಗ್ಗರಣೆ ಕೊಡಿ. ಫ್ರಕ್ಟಾನ್ ನೀರಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಸಾರಿನಲ್ಲಿ ಎಸಳು ಕುದಿಸಿ ತೆಗೆದರೆ ಪ್ರಯೋಜನವಿಲ್ಲ. ಆರು ವಾರದ ಮೇಲೆ ಒಂದೊಂದನ್ನೇ ಮೂರು ದಿನ ತಿಂದು ಪರೀಕ್ಷಿಸಿ. ಎಲ್ಲವನ್ನೂ ಶಾಶ್ವತವಾಗಿ ಬಿಟ್ಟು ಸೊರಗಬೇಡಿ.

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ, ನಾಲ್ಕು ತಿಂಗಳಿಂದ ಹೊಟ್ಟೆ ಸರಿಯಿಲ್ಲ, ತೂಕವೂ ಇಳಿದಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅಕ್ಯುಪಂಕ್ಚರ್ ಮಾಡಿಸಬಹುದೇ?
– ಓದುಗರು, ಕಾರ್ಕಳ

ಉತ್ತರ: ಈಗ ಬೇಡ. ಈ ವಯಸ್ಸಿನಲ್ಲಿ ಹೊಸದಾಗಿ ಶುರುವಾದ ತೊಂದರೆ, ಮೇಲೆ ತೂಕ ಇಳಿತ ಎಂದರೆ ಐಬಿಎಸ್ ಎಂದು ಊಹಿಸುವಂತಿಲ್ಲ. ಈ ವಾರವೇ ಗ್ಯಾಸ್ಟ್ರೋಎಂಟರಾಲಜಿಸ್ಟರಿಗೆ ತೋರಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಮಲ ಪರೀಕ್ಷೆ, ಅವರು ಹೇಳಿದಂತೆ ಕೊಲೊನೋಸ್ಕೋಪಿ ಆಗಲಿ. ಮಲದಲ್ಲಿ ರಕ್ತ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಅದನ್ನೂ ಹೇಳಿ. ವಾರ್ಫರಿನ್ ಇರುವಾಗ ಸೂಜಿ ಚುಚ್ಚಿದಲ್ಲಿ ರಕ್ತ ಬೇಗ ನಿಲ್ಲದೆ ಚರ್ಮದಡಿ ಸೇರಿ ಊದಬಹುದು. ಅಂಥವರಿಗೆ ಮುಂದೆ ಎಂದಾದರೂ ಮಾಡಿಸುವುದಿದ್ದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತಿಳಿಸುವ ರಕ್ತಪರೀಕ್ಷೆ) ನೋಡಿದ ಮೇಲೆಯೇ. ಪೇಸ್‌ಮೇಕರ್ ಇದ್ದವರು ಸೂಜಿಗೆ ವಿದ್ಯುತ್ ಹಾಯಿಸುವ ವಿಧಾನಕ್ಕೆ ಒಪ್ಪಲೇಬಾರದು.

ಯಾರಲ್ಲಿಗೆ ಹೋದರೂ ಓದಿದ್ದೇನು ಎಂದು ಕೇಳಲು ಸಂಕೋಚ ಬೇಡ. ಕೇಂದ್ರ ಸರಕಾರ 2019ರಲ್ಲಿ ಅಕ್ಯುಪಂಕ್ಚರಿಗೆ ಮಾನ್ಯತೆ ಕೊಟ್ಟಿದೆ, ಅದರರ್ಥ ಪ್ರತಿ ಕಾಯಿಲೆಗೂ ಪುರಾವೆ ಸಿಕ್ಕಿತೆಂದಲ್ಲ. ನಮ್ಮ ಜಿಲ್ಲೆಗಳಲ್ಲಿ ಬಿಎನ್‌ವೈಎಸ್ ಓದಿದ ಪ್ರಕೃತಿ ಚಿಕಿತ್ಸಾ ವೈದ್ಯರಿದ್ದಾರೆ, ಅವರ ಪಠ್ಯದಲ್ಲಿ ಅಕ್ಯುಪಂಕ್ಚರ್ ಇದೆ. ಸೂಜಿಯ ಪ್ಯಾಕೆಟ್ ನಿಮ್ಮೆದುರೇ ಹರಿಯಬೇಕು, ಮುಗಿದ ಮೇಲೆ ಸೂಜಿ ಗಟ್ಟಿ ಡಬ್ಬಿಗೆ ಬೀಳಬೇಕು. ‘ಕುದಿಸಿದ್ದೇವೆ’ ಎಂದು ಹಳೆಯ ಸೂಜಿ ತೆಗೆದರೆ ಎದ್ದು ಬನ್ನಿ. ಹೆಪಟೈಟಿಸ್ ಬಿ ವೈರಸ್ ಅಂಥ ದಾರಿಯಲ್ಲೂ ಬರುತ್ತದೆ. ಪೂರ್ತಿ ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ, ತಲೆ ಸುತ್ತಿ ಬೀಳುವವರು ಹೆಚ್ಚಾಗಿ ಅಂಥವರೇ.