ಇಳಿದದ್ದು ಬಳಕೆಯಾ, ಬೆಲೆಯಾ?

ಪ್ರಶ್ನೆ: ಮೇಡಂ, ನನ್ನ ಎಂ.ಎ. ಪ್ರಾಜೆಕ್ಟ್‌ಗೆ ಅಮೆರಿಕದ ರಕ್ಷಣಾ ಖರ್ಚನ್ನು ಆರಿಸಿಕೊಂಡಿದ್ದೇನೆ. ಅದರಲ್ಲೂ ಇಂಧನ, ಮದ್ದುಗುಂಡಿನಂಥ ಬೇಗ ಮುಗಿದುಹೋಗುವ ಸರಕುಗಳ ಖರ್ಚು. ಗ್ರಾಹಕ ಬೆಲೆ ಸೂಚ್ಯಂಕದಿಂದ ಭಾಗಿಸಿ ಹಣದುಬ್ಬರ ಕಳೆದೆ. ಅಲ್ಲಿನ ಸರ್ಕಾರ ಕೊಡುವ ‘ರಿಯಲ್’ (ಬೆಲೆಯ ಏರಿಳಿತ ಕಳೆದ) ಅಂಕಿಗೆ ಅದು ತಾಳೆಯಾಗುತ್ತಿಲ್ಲ. ಆ ಅಂಕಿಗಳಲ್ಲೂ ಒಳಗಿನ ಮೂರು ಸಾಲು ಕೂಡಿದರೆ ಒಟ್ಟು ಮೊತ್ತ ಬರುವುದಿಲ್ಲ. ಎಲ್ಲಿ ತಪ್ಪುತ್ತಿದೆ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಒಳ್ಳೆಯ ವಿಷಯ ಹಿಡಿದಿದ್ದೀರಿ. ನಿಮ್ಮ ಕೂಡು-ಭಾಗಾಕಾರದಲ್ಲಿ ತಪ್ಪಿಲ್ಲ, ಭಾಗಿಸಲು ಆರಿಸಿಕೊಂಡ ಸೂಚ್ಯಂಕ ಸರಿಯಿಲ್ಲ.

ಗ್ರಾಹಕ ಬೆಲೆ ಸೂಚ್ಯಂಕ ಸಂಸಾರಸ್ಥರ ಲೆಕ್ಕ. ಅಮೆರಿಕದ ಸೂಚ್ಯಂಕದಲ್ಲಿ ವಸತಿಯದೇ ಸುಮಾರು ಮೂರನೇ ಒಂದು ಪಾಲು. ಸೇನೆಯ ಈ ಬಾಬ್ತಿನಲ್ಲಿ ಇರುವುದು ಪೆಟ್ರೋಲಿಯಂ, ಮದ್ದುಗುಂಡು ಮತ್ತು ‘ಇತರೆ’ ಎಂಬ ಮೂರೇ ಸಾಲು. ವಿಮಾನದ ಇಂಧನಕ್ಕೂ ಮನೆ ಬಾಡಿಗೆಗೂ ಏನು ಸಂಬಂಧ ಹೇಳಿ?

2015ನ್ನೇ ನೋಡಿ. ಆ ವರ್ಷ ಅಮೆರಿಕದಲ್ಲಿ ಗ್ರಾಹಕ ಬೆಲೆ ಸರಾಸರಿ ಶೇ 0.1 ಮಾತ್ರ ಏರಿತು. ಅಂದರೆ ನಿಂತಲ್ಲೇ ನಿಂತಿತ್ತು. ಆದರೆ 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ ನೂರು ಡಾಲರ್ ದಾಟಿದ್ದ ಕಚ್ಚಾತೈಲ 2015ರ ಜನವರಿ ಹೊತ್ತಿಗೆ ಐವತ್ತಕ್ಕಿಂತ ಕೆಳಗಿತ್ತು. ಸೇನೆ ಮೊದಲಿನಷ್ಟೇ ಇಂಧನ ಸುಟ್ಟಿದ್ದರೂ ಬಿಲ್ ಇಳಿಯುತ್ತದೆ. ಆ ಇಳಿದ ಬಿಲ್ಲನ್ನು ಅಲುಗಾಡದ ಸೂಚ್ಯಂಕದಿಂದ ಭಾಗಿಸಿದರೆ, ಸೇನೆ ಇಂಧನ ಬಳಸುವುದನ್ನೇ ಕಡಿಮೆ ಮಾಡಿತು ಅಂತ ಕಾಣುತ್ತದೆ. 2022ರಲ್ಲಿ ಇದು ಉಲ್ಟಾ. ಆ ಜೂನ್‌ನಲ್ಲಿ ಒಟ್ಟು ಗ್ರಾಹಕ ಬೆಲೆ ವರ್ಷದ ಹಿಂದಿಗಿಂತ ಶೇ 9.1 ಏರಿದ್ದರೆ, ಬಂಕ್‌ನಲ್ಲಿ ಪೆಟ್ರೋಲ್ ಸುಮಾರು ಶೇ 60 ಏರಿತ್ತು. ಶೇ 9 ಮಾತ್ರ ಕಳೆದರೆ ಉಳಿದದ್ದೆಲ್ಲ ಬಳಕೆಯ ಲೆಕ್ಕಕ್ಕೆ ಸೇರಿಬಿಡುತ್ತದೆ.

ಈ ಅಂಕಿಗಳನ್ನು ಕೊಡುವುದು ಅಲ್ಲಿನ ವಾಣಿಜ್ಯ ಇಲಾಖೆಯ ಬ್ಯೂರೋ ಆಫ್ ಎಕನಾಮಿಕ್ ಅನಾಲಿಸಿಸ್, ಅಂದರೆ ಬಿಇಎ. ಅವರು ಇಂಧನಕ್ಕೆ ಇಂಧನದ ಬೆಲೆ, ಮದ್ದುಗುಂಡಿಗೆ ಅದರದೇ ಬೆಲೆ ಹಿಡಿಯುತ್ತಾರೆ. ಕೊನೆಗೆ ಉಳಿಯುವುದು ಎಷ್ಟು ಸರಕು ಎಂಬ ಲೆಕ್ಕ. ನಮ್ಮಣ್ಣ ನಮ್ಮ ಸೇನೆಯ ಎಎಸ್‌ಸಿಯಲ್ಲಿ, ಅಂದರೆ ಸಾಮಗ್ರಿ ಪೂರೈಸುವ ವಿಭಾಗದಲ್ಲಿ, ಸ್ಟೋರ್ ಲೆಕ್ಕ ಬರೆಯುತ್ತಿದ್ದರು. ಅವರ ಲೆಡ್ಜರ್‌ನಲ್ಲಿ ಡೀಸೆಲ್ ಲೀಟರ್‌ನಲ್ಲೇ ಇರುತ್ತಿತ್ತು, ರೂಪಾಯಿಯ ಮಾತೇ ಇಲ್ಲ. ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು. ರಿಯಲ್ ಅಂಕಿ ಹೇಳಲು ಹೊರಟಿರುವುದೂ ಅದನ್ನೇ.

ಇನ್ನು ಕೂಡಿದರೆ ಬಾರದ ಮೊತ್ತ. ಅದು ನಿಮ್ಮ ತಪ್ಪಲ್ಲ, ಬಿಇಎ ತಪ್ಪೂ ಅಲ್ಲ. ಈಗ ಅವರು 2017ರ ಡಾಲರ್‌ನಲ್ಲಿ ಸರಪಳಿ ವಿಧಾನದಿಂದ ಲೆಕ್ಕ ಕೊಡುತ್ತಾರೆ. ಪ್ರತಿ ಅವಧಿಯ ಬದಲಾವಣೆಗೂ ಆ ಹೊತ್ತಿನ ಮತ್ತು ಅದರ ಹಿಂದಿನ ಬೆಲೆಗಳ ತೂಕ ಕೊಟ್ಟು, ಹಾಗೆ ಸಿಕ್ಕ ಏರಿಳಿತಗಳನ್ನು ಒಂದಕ್ಕೊಂದು ಪೋಣಿಸುತ್ತಾರೆ. ತೂಕವೇ ಬದಲಾಗುತ್ತಾ ಹೋಗುವುದರಿಂದ ಭಾಗಗಳು ಕೂಡಿ ಒಟ್ಟು ಆಗುವುದಿಲ್ಲ. 2017ರಿಂದ ದೂರ ಹೋದಷ್ಟೂ ಅಂತರ ಜಾಸ್ತಿಯಾಗಬಹುದು. ಹಾಗಾಗಿ ರಿಯಲ್ ಡಾಲರ್ ಇಟ್ಟುಕೊಂಡು ‘ಇಂಧನದ ಪಾಲು ಶೇಕಡ ಇಷ್ಟು’ ಅಂತ ದಯವಿಟ್ಟು ಬರೆಯಬೇಡಿ. ಪಾಲು ಬೇಕಾದರೆ ಆಯಾ ವರ್ಷದ ಡಾಲರ್‌ನಲ್ಲಿರುವ ಬಿಇಎ ಕೋಷ್ಟಕ 3.11.5 ನೋಡಿ. ಏರಿಕೆಗೆ ಯಾವುದು ಎಷ್ಟು ಕಾರಣ ಅನ್ನುವುದಕ್ಕೆ 3.11.2 ಇದೆ. ತುಂಬಾ ಹಿಂದಿನ ವರ್ಷಗಳಿಗೆ 3.11.3ರ ಪರಿಮಾಣ ಸೂಚ್ಯಂಕ (ಸರಕಿನ ಪ್ರಮಾಣ ಎಷ್ಟು ಏರಿಳಿಯಿತು ಎಂಬುದರ ಸೂಚ್ಯಂಕ) ಬಳಸಿ.

ಮತ್ತೊಂದು ಮಾತು. ತ್ರೈಮಾಸಿಕ ಅಂಕಿಗಳು ಇರುವುದು ವಾರ್ಷಿಕ ದರದಲ್ಲಿ, ಅಂದರೆ ಅದೇ ವೇಗದಲ್ಲಿ ವರ್ಷವಿಡೀ ಖರ್ಚಾದರೆ ಎಷ್ಟಾಗುತ್ತದೋ ಅಷ್ಟು. ನಾಲ್ಕು ತ್ರೈಮಾಸಿಕ ಕೂಡಿದರೆ ವರ್ಷದ ಖರ್ಚು ನಾಲ್ಕು ಪಟ್ಟು ಕಾಣುತ್ತದೆ. ಕೂಡಬೇಡಿ, ಸರಾಸರಿ ತೆಗೆಯಿರಿ.

ಫಿರಂಗಿ ಗುಂಡುಗಳಿಗೆ ಕೋಟಿಗಟ್ಟಲೆ ಡಾಲರ್ ಮಂಜೂರಾಯಿತು ಅಂತ ಪೇಪರ್‌ನಲ್ಲಿ ಓದಿ, ಆ ತ್ರೈಮಾಸಿಕದಲ್ಲೇ ಏರಿಕೆ ಹುಡುಕಬೇಡಿ. ಬಿಇಎ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದು ಸರಕು ಕೈಸೇರಿದಾಗ. ಸಂಸತ್ತು ಒಪ್ಪಿದ ದಿನವೇ ಬೇರೆ, ಗುಂಡು ಗೋದಾಮಿಗೆ ಬಂದ ದಿನವೇ ಬೇರೆ. ಕ್ಷಿಪಣಿಗಳನ್ನೂ ಈ ಬಾಬ್ತಿನಲ್ಲಿ ಹುಡುಕಬೇಡಿ. ಅವು ಬಾಳಿಕೆ ಬರುವ ಸರಕಿನ ಕಡೆ ಇವೆ.

ಅಂಕಿಗಳನ್ನು ಯಾವ ದಿನ ಇಳಿಸಿಕೊಂಡಿರಿ ಅಂತ ಪ್ರಾಜೆಕ್ಟ್‌ನಲ್ಲಿ ಬರೆದಿಡಿ. ಬಿಇಎ ಪ್ರತಿ ಸೆಪ್ಟೆಂಬರ್‌ನಲ್ಲಿ ಹಳೆಯ ವರ್ಷಗಳನ್ನೂ ಪರಿಷ್ಕರಿಸುತ್ತದೆ. ವೈವಾ ಹೊತ್ತಿಗೆ ನಿಮ್ಮ ಮೇಷ್ಟ್ರು ಹೊಸ ಕೋಷ್ಟಕ ತೆಗೆದು ಕೇಳಿದರೆ, ಆ ದಿನಾಂಕ ತೋರಿಸಬಹುದು.